ಒಂದು ಫೀಲ್ಡ್ ತಿದ್ದಲು ಹೋಗಿ ಎಲ್ಲವನ್ನೂ ಅಳಿಸಬೇಡಿ

ವೆಬ್‌ಸೈಟಿನ ಗುರುತನ್ನು ಖಾತ್ರಿಪಡಿಸುವ ಟಿಎಲ್‌ಎಸ್ ಸರ್ಟಿಫಿಕೇಟುಗಳ ಪಟ್ಟಿಯಲ್ಲಿ ‘ಹೊಣೆಗಾರರು’ ಎಂಬ ಒಂದೇ ಫೀಲ್ಡ್ ಬದಲಿಸಲು ಸಹೋದ್ಯೋಗಿಯೊಬ್ಬರು ಸ್ಕ್ರಿಪ್ಟ್ ಓಡಿಸಿದರು. ಪಕ್ಕದಲ್ಲೇ ನಾನಿದ್ದೆ. ಪರದೆಯ ತುಂಬ ‘200 ಓಕೆ’, ಅಂದರೆ ಎಲ್ಲ ಸರಿಯಾಯಿತೆಂಬ ಸರ್ವರಿನ ಉತ್ತರ. ಡ್ಯಾಶ್‌ಬೋರ್ಡ್ ತೆರೆದರೆ ಹೊಣೆಗಾರರ ಹೆಸರೇನೋ ಬದಲಾಗಿತ್ತು. ಸರ್ವರ್, ವಿಭಾಗ, ಟಿಕೆಟ್ ನಂಬರ್ ಎಲ್ಲ ಖಾಲಿ! ಆಮೇಲೆ ಇನ್ನೂ ಮೂವರು ಇದನ್ನೇ ಮಾಡಿದ್ದು ನೋಡಿ ಈ ಲೇಖನ.

ಮೊದಲಿಗೆ ಒಂದು ಮಾತು. ಈ ಫೀಲ್ಡುಗಳು, ಅಂದರೆ ಮೆಟಾಡೇಟಾ, ಸರ್ಟಿಫಿಕೇಟಿನ ಒಳಗೆ ಇರುವುದಿಲ್ಲ. ಸಹಿ ಬಿದ್ದ ಸರ್ಟಿಫಿಕೇಟಿನಲ್ಲಿ ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗದು. ನಾವು ತಿದ್ದುವುದು ನಿರ್ವಹಣಾ ತಂತ್ರಾಂಶ ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಂಡ ಟಿಪ್ಪಣಿಯನ್ನು. ಹಾಗಾಗಿ ವೆಬ್‌ಸೈಟ್ ನಿಲ್ಲುವ ಭಯ ಬೇಡ.

1. ಓದಲು ಮತ್ತು ಮೆಟಾಡೇಟಾ ತಿದ್ದಲು ಮಾತ್ರ ಅನುಮತಿಯಿರುವ ಟೋಕನ್ (ಸ್ಕ್ರಿಪ್ಟ್ ಪ್ರವೇಶಿಸಲು ಬೇಕಾದ ಗುಟ್ಟಿನ ಕೀಲಿ) ಪಡೆಯಿರಿ. ಸ್ಕ್ರಿಪ್ಟಿನೊಳಗೆ ಅದನ್ನು ಬರೆದಿಡಬೇಡಿ.

2. ಫೀಲ್ಡಿನ ಹೆಸರನ್ನು ತಂತ್ರಾಂಶದ ಕನ್ಸೋಲಿನಿಂದಲೇ ನಕಲು ಮಾಡಿ. ದಿನಾಂಕವನ್ನು 2026-03-15 ಎಂಬ ಕ್ರಮದಲ್ಲೇ ಬರೆಯಿರಿ, 15/03 ಎಂಬ ತಂಟೆಯೇ ಬೇಡ.

3. ಸರ್ಟಿಫಿಕೇಟನ್ನು ಡೊಮೇನ್ ಹೆಸರಿನಿಂದ ಹುಡುಕಬೇಡಿ. ನವೀಕರಣವಾದ ಮೇಲೆ ಹಳತು, ಹೊಸತು ಎರಡಕ್ಕೂ ಅದೇ ಹೆಸರು. ಸೀರಿಯಲ್ ನಂಬರ್ ಕೂಡ ವಿತರಿಸಿದ ಒಂದು ಸಂಸ್ಥೆಯ ಮಟ್ಟಿಗಷ್ಟೇ ಅನನ್ಯ. ನನ್ನ ಆಯ್ಕೆ 64 ಅಕ್ಷರಗಳ ಎಸ್‌ಎಚ್‌ಎ-256 ಬೆರಳಚ್ಚು, ಅಂದರೆ ಇಡೀ ಸರ್ಟಿಫಿಕೇಟಿನಿಂದ ಲೆಕ್ಕಹಾಕಿ ತೆಗೆದ ಗುರುತು. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಅಡ್ಡದಾರಿ ಬೇಡವೇ ಬೇಡ: ದಶಮಾನದ ಸೀರಿಯಲ್ ನಂಬರಿನಲ್ಲಿ ಮೊದಲ 15 ಅಂಕಿ ಬಿಟ್ಟು ಉಳಿದದ್ದೆಲ್ಲ ಸೊನ್ನೆಯಾಗುತ್ತದೆ.

4. ಎಡವುವುದು ಇಲ್ಲೇ. ಸ್ಕ್ರಿಪ್ಟ್ ತಂತ್ರಾಂಶದೊಡನೆ ಮಾತಾಡುವ ದಾರಿಯೇ ಎಪಿಐ; ಅದಕ್ಕೆ ಕಳಿಸುವ ಆಜ್ಞೆಗಳಲ್ಲಿ ‘ಪುಟ್’ ಎಂದರೆ ಹಳೆಯದನ್ನು ತೆಗೆದು, ನಾನು ಕೊಟ್ಟದ್ದನ್ನು ಇಡು ಎಂದರ್ಥ. ನೀವು ಒಂದೇ ಫೀಲ್ಡ್ ಕಳಿಸಿದರೆ ಉಳಿಯುವುದೂ ಅದೊಂದೇ. ಎಪಿಐ ಹೇಳಿದ್ದನ್ನೇ ಮಾಡಿರುತ್ತದೆ, ಅದಕ್ಕೇ 200 ಬರುತ್ತದೆ. ಕಳಿಸಿದ ಫೀಲ್ಡನ್ನಷ್ಟೇ ತಿದ್ದುವ ‘ಪ್ಯಾಚ್’ ಇದ್ದರೆ ಅದನ್ನೇ ಬಳಸಿ. ಆದರೆ ಅದಕ್ಕೂ ತನ್ನದೇ ವರಸೆಯಿದೆ. 2014ರ ಆರ್‌ಎಫ್‌ಸಿ 7396 ಎಂಬ ಇಂಟರ್ನೆಟ್ ಮಾನದಂಡ ಹೇಳುವ ಜೇಸನ್ ಮರ್ಜ್ ಪ್ಯಾಚ್ ಎಂಬ ಕ್ರಮದಲ್ಲಿ ‘ನಲ್’ (ಏನೂ ಇಲ್ಲ) ಎಂದು ಕಳಿಸಿದರೆ ಆ ಫೀಲ್ಡ್ ಅಳಿಸಿಹೋಗುತ್ತದೆ. ಖಾಲಿ ಉಲ್ಲೇಖ ಚಿಹ್ನೆ ಕಳಿಸಿದರೆ ಫೀಲ್ಡ್ ಉಳಿದು ಅದರೊಳಗಿನ ಮಾಹಿತಿ ಮಾತ್ರ ಖಾಲಿಯಾಗುತ್ತದೆ. ಪಟ್ಟಿ ರೂಪದ ಫೀಲ್ಡಿಗೆ ಒಂದು ಇಮೇಲ್ ಸೇರಿಸಹೋದರೆ ಹಳೆಯ ಇಮೇಲುಗಳೆಲ್ಲ ಹೋಗುತ್ತವೆ, ಏಕೆಂದರೆ ಪಟ್ಟಿ ಇಡಿಯಾಗಿ ಬದಲಾಗುತ್ತದೆ. ಎಲ್ಲ ಎಪಿಐಗಳೂ ಈ ನಿಯಮ ಪಾಲಿಸುವುದಿಲ್ಲ. ಹೆಸರಿಗೆ ಪ್ಯಾಚ್, ಒಳಗೆ ಪುಟ್ ಆಗಿರುವುದನ್ನೂ ಕಂಡಿದ್ದೇನೆ. ಕೆಲಸಕ್ಕೆ ಬಾರದ ಒಂದು ಪರೀಕ್ಷಾ ಸರ್ಟಿಫಿಕೇಟಿನ ಮೇಲೆ ಮೊದಲು ಪ್ರಯೋಗಿಸಿ ನೋಡಿ.

ನಾನು ಮಾಡುವುದು ಹೀಗೆ: ಓದುವ ಆಜ್ಞೆಯಾದ ‘ಗೆಟ್’ ಮಾಡಿ ಇದ್ದದ್ದನ್ನೆಲ್ಲ ಫೈಲಿಗೆ ಉಳಿಸುತ್ತೇನೆ. ಅದೇ ಪ್ರತಿಯಲ್ಲಿ ಬೇಕಾದ ಫೀಲ್ಡನ್ನಷ್ಟೇ ತಿದ್ದುತ್ತೇನೆ. ಉತ್ತರದ ಜೊತೆ ಇಟ್ಯಾಗ್ (ದಾಖಲೆಯ ಆ ಹೊತ್ತಿನ ಆವೃತ್ತಿಯ ಗುರುತು) ಬಂದಿದ್ದರೆ, ಬರೆಯುವಾಗ ಅದನ್ನು ‘ಇಫ್-ಮ್ಯಾಚ್’ ಹೆಡರಿನಲ್ಲಿ ಹಿಂದಿರುಗಿಸುತ್ತೇನೆ. ನಡುವೆ ಬೇರೆ ಯಾರಾದರೂ ಅದೇ ದಾಖಲೆಗೆ ಕೈ ಹಾಕಿದ್ದರೆ ಸರ್ವರ್ 412 ಎಂದು ತಡೆಯುತ್ತದೆ. ಆಗ ಮತ್ತೆ ಓದಿ, ಮತ್ತೆ ತಿದ್ದಬೇಕು. 412 ಕಂಡು ರೇಗಿ ಆ ಹೆಡರನ್ನೇ ಕಿತ್ತುಹಾಕುವವರಿದ್ದಾರೆ. ಅವರ ಸ್ಕ್ರಿಪ್ಟನ್ನು ನಾನು ಮುಟ್ಟುವುದಿಲ್ಲ.

5. ಮೊದಲು ಒಂದು, ಆಮೇಲೆ ಐದು, ಆಮೇಲೆ ಎಲ್ಲ. ವಿನಂತಿಗಳು ಅತಿಯಾದವೆಂಬ 429 ಬಂದರೆ ‘ರಿಟ್ರೈ-ಆಫ್ಟರ್’ ಹೆಡರ್ ಹೇಳಿದಷ್ಟು ಹೊತ್ತು ಕಾಯಿರಿ. ಮುಗಿದ ಮೇಲೆ ಮತ್ತೆ ‘ಗೆಟ್’ ಮಾಡಿ, ಉಳಿಸಿಟ್ಟ ಫೈಲಿನೊಂದಿಗೆ ಹೋಲಿಸಿ. ತಿದ್ದಿದ ಸಾಲು ಬಿಟ್ಟು ಬೇರೇನೂ ಬದಲಾಗಿರಬಾರದು.

6. ಹೊಣೆಗಾರರ ಫೀಲ್ಡಿಗೆ ವ್ಯಕ್ತಿಯ ಇಮೇಲ್ ಹಾಕಬೇಡಿ, ತಂಡದ್ದನ್ನು ಹಾಕಿ. ವ್ಯಕ್ತಿ ಕೆಲಸ ಬಿಟ್ಟ ಮೇಲೆ ಎಚ್ಚರಿಕೆಯ ಇಮೇಲ್ ಯಾರಿಗೂ ತಲುಪದು.

ಇನ್ನು ನವೀಕರಣ. ಹೊಸ ಸರ್ಟಿಫಿಕೇಟೆಂದರೆ ಹೊಸ ದಾಖಲೆ. ಹಳೆಯ ಟಿಪ್ಪಣಿ ತಾನಾಗಿ ಅದಕ್ಕೆ ಬರುತ್ತದೆಂಬ ಖಾತ್ರಿಯಿಲ್ಲ. ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟುಗಳ ಗರಿಷ್ಠ ಆಯಸ್ಸನ್ನು 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಸಲು ಸರ್ಟಿಫಿಕೇಟ್ ವಿತರಕರ ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ ತೀರ್ಮಾನಿಸಿದೆ. ಆಗ ನವೀಕರಣ ಪದೇ ಪದೇ ಬರುತ್ತದೆ, ಹಾಗಾಗಿ ಟಿಪ್ಪಣಿ ನಕಲಿಸುವ ನಾಲ್ಕು ಸಾಲನ್ನು ನವೀಕರಣದ ಸ್ಕ್ರಿಪ್ಟಿನಲ್ಲೇ ಈಗಲೇ ಸೇರಿಸಿಬಿಡಿ.