ಕೇಶವನ ಬಾಯಿ ಬಿಡಿಸಿದ ಬಗೆ

ನಾನು ಬರೆದ ಮೂರು ಕಾದಂಬರಿಗಳ ಸರಣಿಯಲ್ಲಿ ನನಗೆ ಅತಿ ಹೆಚ್ಚು ಬೈಗುಳ ತಂದುಕೊಟ್ಟವರು ಕೇಶವ ಮತ್ತು ಶ್ಯಾಮ. ಕೇಶವನಿಗೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಅಡಿಕೆ ತೋಟ, ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಜ್ಜ ಕೊರೆಸಿದ ಸುರಂಗ, ಮನೆಯೊಳಗೆ ಅಮ್ಮ. ಶ್ಯಾಮ ಮಂಗಳೂರಿನ ಬ್ಯಾಂಕಿನಲ್ಲಿದ್ದಾನೆ, ಪ್ರತಿ ಶನಿವಾರ ಸಂಜೆ ರಾಜ್ಯದ ಗಡಿಯಾದ ತಲಪಾಡಿ ದಾಟಿ ಬರುತ್ತಾನೆ. ಇವರಿಬ್ಬರ ಪ್ರೀತಿ ಮೊದಲ ಪುಸ್ತಕದ ಮೂರನೆಯ ಅಧ್ಯಾಯದಲ್ಲೇ ಓದುಗರಿಗೆ ತಿಳಿದಿತ್ತು. ಎರಡನೆಯ ಪುಸ್ತಕ ಮುಗಿದರೂ ಅವರು ಮಾತ್ರ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಬದಿಯಡ್ಕ ಕಡೆಯ ನಿವೃತ್ತ ಮಾಸ್ತರೊಬ್ಬರು ಫೋನ್ ಮಾಡಿದರು. ಎಪ್ಪತ್ತು ದಾಟಿದವರು, ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹುಚ್ಚು ಇರುವವರು. ಇಬ್ಬರು ಗಂಡಸರ ಕಥೆ ಎಂದು ಬೈಯುತ್ತಾರೇನೋ ಎಂದು ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ. ಆ ಬಗ್ಗೆ ಒಂದು ಮಾತೂ ಬರಲಿಲ್ಲ. "ತಮ್ಮಾ, ಬಾಯಿ ಇಲ್ಲದಿರುವುದು ಕೇಶವನಿಗೋ ನಿನಗೋ?" ಎಂದರು.

ಮೂವತ್ತೆರಡು ವರ್ಷದವರೆಗೆ ನಾನೂ ಮನೆಯಲ್ಲಿ ಹೇಳಿರಲಿಲ್ಲ. ಮಾಸ್ತರಿಗೆ ಅದು ಗೊತ್ತಿರಲಾರದು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಮೂರನೆಯ ದಿನ ಎರಡನೆಯ ಪುಸ್ತಕವನ್ನು ತೆಗೆದು, ಅಡಿಕೆ ಲೆಕ್ಕ ಬರೆಯುವ ಉದ್ದ ಪುಸ್ತಕದಲ್ಲಿ ಗೆರೆ ಎಳೆದೆ. ಪ್ರತಿ ಅಧ್ಯಾಯದಲ್ಲಿ ಇವರು ಹೇಳಲು ಹೊರಟದ್ದೇನು, ತಡೆದದ್ದು ಯಾವುದು. ಹದಿನಾಲ್ಕು ಅಧ್ಯಾಯಗಳ ಪೈಕಿ ಒಂಬತ್ತರಲ್ಲಿ ತಡೆದದ್ದು ಊರೂ ಅಲ್ಲ, ಕಾನೂನೂ ಅಲ್ಲ, ನಾನು. ಮಾತು ನಾಲಗೆಯ ತುದಿಗೆ ಬಂತು ಎನ್ನುವಾಗ ಫೋನ್ ಬಾರಿಸಿದ್ದೆ, ಅತ್ತೆಯನ್ನು ಒಳಗೆ ಕಳುಹಿಸಿದ್ದೆ, ಮಳೆ ಸುರಿಸಿದ್ದೆ. (ನಮ್ಮ ಕಡೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಹೇಳಿ ಕರೆಸಿದಂತೆ ಫೋನ್ ಬರುವುದು ಕಾದಂಬರಿಗಳಲ್ಲಿ ಮಾತ್ರ.)

ಉಳಿದ ಐದು ಅಧ್ಯಾಯಗಳ ಬಗ್ಗೆ ಯಾರೂ ದೂರಿರಲಿಲ್ಲ. ಅವುಗಳಲ್ಲಿ ಎರಡು, 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ಕಾಲದವು. ಐವತ್ತು ಕಿಲೋಮೀಟರ್ ದೂರದ ಮಂಗಳೂರು ಏಕಾಏಕಿ ಪರದೇಶವಾಗಿ, ಅಲ್ಲಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ದಾರಿಯಲ್ಲೇ ಉಳಿದರು. ಆ ಮಣ್ಣಿನ ರಾಶಿಯ ಆಚೆಗೊಬ್ಬ, ಈಚೆಗೊಬ್ಬ ನಿಂತದ್ದಕ್ಕೆ ಓದುಗರು ಅತ್ತರು, ಸಿಟ್ಟಾಗಲಿಲ್ಲ. ಮಣ್ಣಿನ ರಾಶಿಯನ್ನು ಅವರು ಕಣ್ಣಾರೆ ಕಂಡಿದ್ದರು.

ಕಾನೂನನ್ನು ನಾನು ಊರುಗೋಲು ಮಾಡಿಕೊಂಡಿದ್ದೆ. ಮೊದಲ ಪುಸ್ತಕದಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಂ ಕೇಶವನಿಗೆ ಒಳ್ಳೆಯ ನೆಪ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ನೆಪವನ್ನು ಕಿತ್ತುಕೊಂಡಿತು. ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದ 'ಸಲಿಂಗಕಾಮ' ಕಂಡು, ಕೇಶವ ಆ ಪುಟವನ್ನು ಒಳಮಡಿಕೆ ಮಾಡಿ ಅಮ್ಮನ ಕೈಗೆ ಕೊಡುತ್ತಾನೆ. ಪ್ರೀತಿಯನ್ನು ಹುಡುಕುವವನಿಗೆ ಪತ್ರಿಕೆ ಕೊಡುವ ಶಬ್ದದಲ್ಲಿ ಕಾಮ ಮಾತ್ರ ಇದೆ. ಆ ಒಂದು ದೃಶ್ಯದ ಬಗ್ಗೆ ನನಗೆ ಈಗಲೂ ಸಮಾಧಾನವಿದೆ.

ಹಾಗಾದರೆ ಇವರು ಯಾವ ಶಬ್ದ ಬಳಸಬೇಕು? ಅದು ನಮ್ಮಲ್ಲೇ ಇತ್ತು: ಭಾವ. ಅಕ್ಕನ ಗಂಡನೂ ಭಾವ, ಸೋದರಮಾವನ ಮಗನೂ ಭಾವ, ಸಲಿಗೆ ಬೆಳೆದ ಗೆಳೆಯನೂ ಭಾವ. ಕೀಟಲೆಗೆ ಪರವಾನಗಿ ಇರುವ ಸಂಬಂಧ ಅದು. ಉಪನಯನದ ಊಟದ ಪಂಕ್ತಿಯಲ್ಲಿ ಶ್ಯಾಮ "ಭಾವಾ, ಇಲ್ಲಿ ಬಾ" ಎಂದು ಕೂಗಿದರೆ ಒಂದು ತಲೆಯೂ ತಿರುಗುವುದಿಲ್ಲ. ಇಡೀ ಊರಿನ ಎದುರು ಕರೆಯಬಹುದಾದ ಗುಟ್ಟಿನ ಹೆಸರು. ಈ ಸಂಭ್ರಮದಲ್ಲಿ ನಾನು ಗಂಟನ್ನು ಇನ್ನೂ ಬಿಗಿದೆ. ಶ್ಯಾಮನ ತಂಗಿಯ ಜಾತಕ ಕೇಶವನ ಮನೆಗೆ ಬಂತು, ಕೇಶವ ಬೇಡ ಎನ್ನಲಿಲ್ಲ. ನಿಜವಾದ ಭಾವನಾದರೆ ಬಿಟ್ಟುಹೋಗಬೇಕಾಗಿಲ್ಲವಲ್ಲ! ಆದರೆ ಆ ಹುಡುಗಿಗೆ ನಾನು ಮಾತೇ ಕೊಟ್ಟಿರಲಿಲ್ಲ. ಮೂರನೆಯ ಪುಸ್ತಕದಲ್ಲಿ ಅವಳು ಎರಡೇ ವಾಕ್ಯಗಳಲ್ಲಿ ಸಂಬಂಧವನ್ನು ತಿರಸ್ಕರಿಸಿ ಬೆಂಗಳೂರಿನ ಬಸ್ ಹತ್ತುತ್ತಾಳೆ. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದಳು.

ದಾರಿ ತೋರಿಸಿದ್ದು ಮಾಸ್ತರ ತಾಳಮದ್ದಳೆ. 'ವಾಲಿ ಮೋಕ್ಷ'ದಲ್ಲಿ ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆ ಏಕೆ? ದೇವರೇ ಆದರೂ ರಾಮ ಉತ್ತರ ಕೊಡದೆ ಏಳುವಂತಿಲ್ಲ. ಜಾರಿಕೊಂಡ ಅರ್ಥಧಾರಿಯನ್ನು, ಅಂದರೆ ಪಾತ್ರವಾಗಿ ಮಾತಾಡುವವನನ್ನು, ಸಭೆ ಮನೆಗೆ ಹೋಗುವ ದಾರಿಯುದ್ದಕ್ಕೂ ಜಾಡಿಸುತ್ತದೆ. ನನಗೆ ಬೇಕಾಗಿದ್ದುದು ಜಾರಲು ದಾರಿಯಿಲ್ಲದ ಜಾಗ.

ಆ ಜಾಗ ಕೇಶವನ ಮನೆಯ ಹಿಂದೆಯೇ ಇತ್ತು. ಬೇಸಿಗೆಯಲ್ಲಿ ಸುರಂಗದ ಹೂಳು ತೆಗೆಯುವ ದಿನ ಇಬ್ಬರನ್ನೂ ಒಳಗೆ ಕಳುಹಿಸಿದೆ. ಮುರಕಲ್ಲು ಕೊರೆದ ಸುರಂಗದಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ನಡೆಯಲಾಗುವುದಿಲ್ಲ. ಒಬ್ಬ ಮುಂದೆ, ಒಬ್ಬ ಹಿಂದೆ. ಮುಖ ಕಾಣುವುದಿಲ್ಲ, ಫೋನ್ ಬರುವುದಿಲ್ಲ, ಅತ್ತೆ ಬರುವುದಿಲ್ಲ, ಮಳೆಯೂ ತಾಗುವುದಿಲ್ಲ. ಹಿಂದಿನಿಂದ ಶ್ಯಾಮ ಕೇಳಿದ: "ಇನ್ನೂ ಎಷ್ಟು ವರ್ಷ ಮರೆಯಲ್ಲಿ ನಿಲ್ಲುತ್ತೀಯ, ಭಾವ?"

ಉತ್ತರವನ್ನು ಏಳು ಬಾರಿ ಬರೆದೆ. ಮೊದಲ ಆರರಲ್ಲಿ ಅಮ್ಮ, ಶ್ರಾದ್ಧ, ತೋಟ, ಊರು ಎಲ್ಲವೂ ಸಾಲಾಗಿ ಬಂದು ಭಾಷಣವಾಯಿತು. ಏಳನೆಯದರಲ್ಲಿ ಕೇಶವ ಬುಟ್ಟಿ ಕೆಳಗಿಟ್ಟು ಇಷ್ಟೇ ಹೇಳುತ್ತಾನೆ: "ಹೇಳಿದ ಮೇಲೆ ನೀನು ಬರುವುದನ್ನು ಬಿಟ್ಟರೆ? ಹೇಳದಿದ್ದರೆ ಶನಿವಾರವಾದರೂ ಉಳಿಯುತ್ತದೆ." ಬರೆದ ಮೇಲೆ ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಎರಡು ಪುಸ್ತಕಗಳ ಮೌನಕ್ಕೆ ಕಾರಣ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೂರನೆಯ ಪುಸ್ತಕ ತಲುಪಿದ ವಾರ ಮಾಸ್ತರು ಮತ್ತೆ ಫೋನ್ ಮಾಡಿದರು. ಸುರಂಗದ ಬಗ್ಗೆ "ಅಡ್ಡಿಯಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಸಿಟ್ಟಾದರು: "ಅಲ್ಲ ತಮ್ಮಾ, ಜೂನ್ ತಿಂಗಳು, ಕೊಳೆರೋಗದ ಕಾಲ. ಮದ್ದು ಬಿಡುವ ದಿನ ಕೇಶವನೊಬ್ಬನನ್ನೇ ತೋಟದಲ್ಲಿ ಬಿಟ್ಟು ಆ ಶ್ಯಾಮ ಮಂಗಳೂರಿಗೆ ಹೋಗುವುದೆಂದರೇನು? ಅವನಿಗೆ ಒಂದು ದಿನ ರಜೆ ಹಾಕಿಸಬಾರದಿತ್ತೇ?"