ಗೋಬರ್ ಗ್ಯಾಸ್: ಮೊದಲ ನಲ್ವತ್ತು ದಿನ ಹೇಗೆ ನೋಡಿಕೊಳ್ಳಬೇಕು?

ಉಡುಪಿಯಿಂದ ಹೆಬ್ರಿ ಕಡೆಗೆ ಹೋಗುವಾಗ ಹಳೆಯ ಮನೆಗಳ ಹಿತ್ತಿಲನ್ನು ಗಮನಿಸಿ. ಹಟ್ಟಿಯ ಪಕ್ಕದಲ್ಲಿ ಮಣ್ಣಿನಲ್ಲಿ ಹೂತ ಸಿಮೆಂಟಿನ ಗುಮ್ಮಟ ಕಾಣುತ್ತದೆ. ಅದರ ಮೇಲೆ ಒಣಗಿದ ಮಡಲಿನ ರಾಶಿ. ಕೇಳಿದರೆ ಉತ್ತರ ಒಂದೇ: "ಅದು ಗೋಬರ್ ಗ್ಯಾಸ್. ಸುರುವಿನಿಂದಲೂ ಸರಿ ಬರಲೇ ಇಲ್ಲ ಮಾರಾಯ್ರೇ, ಬಿಟ್ಟುಬಿಟ್ಟೆವು."

ಇಂಥ ಟ್ಯಾಂಕಿಗಳನ್ನು ತುಂಬಾ ನೋಡಿದ್ದೇನೆ. ಹೆಚ್ಚಿನವುಗಳ ಗೋಡೆ ಇಂದಿಗೂ ಗಟ್ಟಿ ಇದೆ. ತಪ್ಪಾದದ್ದು ಸಗಣಿ ತುಂಬಿಸುವಾಗ. ಕಟ್ಟುವುದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ. ಮೊದಲ ಸಲ ತುಂಬಿಸುವುದು ಹೇಗೆ ಅಂತ ಯಾರೂ ಕೂತು ಹೇಳುವುದಿಲ್ಲ. ಅದಕ್ಕೇ ಈ ಲೇಖನ.

ದೇಶದಲ್ಲಿ ಈಗ ಬೆಳೆ, ತ್ಯಾಜ್ಯಗಳಿಂದ ಇಂಧನ ತೆಗೆಯುವುದರದ್ದೇ ಮಾತು. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಸೇರುತ್ತಿದೆ. 2018ರಲ್ಲಿ ಶುರುವಾದ 'ಸತತ್' ಯೋಜನೆಯಲ್ಲಿ ಸಗಣಿ, ಕೃಷಿ ತ್ಯಾಜ್ಯಗಳಿಂದ ಬಯೋಗ್ಯಾಸ್ ತಯಾರಿಸಿ, ಶುದ್ಧ ಮಾಡಿ, ವಾಹನಗಳಿಗೆ ಕೊಡುವ ಘಟಕಗಳು ಬರುತ್ತಿವೆ. ಪೈಪಿನಲ್ಲಿ ಬರುವ ಅಡುಗೆ ಅನಿಲಕ್ಕೂ ವಾಹನದ ಸಿಎನ್‌ಜಿಗೂ 2025-26ರಿಂದ ಶೇ. 1ರಷ್ಟು ಇಂಥ ಗ್ಯಾಸ್ ಸೇರಿಸಬೇಕು, 2028-29ರ ಹೊತ್ತಿಗೆ ಅದು ಶೇ. 5 ಆಗಬೇಕು ಎಂದು ಕೇಂದ್ರ ಸರ್ಕಾರ ಹೇಳಿದೆ. ಆ ದೊಡ್ಡ ಘಟಕದ ಒಳಗೆ ಕೆಲಸ ಮಾಡುವುದೂ ನಮ್ಮ ಹಿತ್ತಿಲಿನ ಟ್ಯಾಂಕಿಯೊಳಗಿನಂಥ ಸೂಕ್ಷ್ಮಜೀವಿಗಳೇ. ಅವುಗಳಿಗೆ ಹಿಡಿಸುವುದು ಯಾವುದು, ಹಿಡಿಸದ್ದು ಯಾವುದು ಅಂತ ಗೊತ್ತಿದ್ದರೆ ಸಾಕು.

ಹಂತ 1: ಎಷ್ಟು ದೊಡ್ಡದು ಬೇಕು?

ಟ್ಯಾಂಕಿಯ ಗಾತ್ರ ಹೇಳಬೇಕಾದ್ದು ಹಟ್ಟಿ, ಮನೆಮಂದಿಯ ಆಸೆ ಅಲ್ಲ. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಬೇಕಾದರೆ 50 ಕೆ.ಜಿ. ಸಗಣಿ ಬೇಕು. ಹಟ್ಟಿಯಲ್ಲೇ ಕಟ್ಟಿ ಸಾಕುವ ಮಿಶ್ರತಳಿ ದನಗಳಾದರೆ ಮೂರು ನಾಲ್ಕು ಸಾಕು. ಮೇಯಲು ಬಿಡುವ ಮಲೆನಾಡು ಗಿಡ್ಡವಾದರೆ ಸಗಣಿ ತುಂಬಾ ಕಡಿಮೆ, ಅರ್ಧ ಗುಡ್ಡದಲ್ಲೇ ಬಿದ್ದಿರುತ್ತದೆ. ಹಾಗಿದ್ದರೆ 1 ಘನ ಮೀಟರಿನದ್ದು ಕಟ್ಟಿಸಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆಯಲ್ಲಿ ಇಡಬೇಡಿ.

2 ಘನ ಮೀಟರ್ ಗ್ಯಾಸ್ ಅಂದರೆ ಸುಮಾರು 900 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಲೆಕ್ಕಕ್ಕೆ ಹದಿನಾರು ದಿನಕ್ಕೊಂದು ಸಿಲಿಂಡರ್ ಉಳಿದಂತೆ. ಕುಚ್ಚಲಕ್ಕಿ ಬೇಯಿಸುವ ನಮ್ಮ ಮನೆಗಳಿಗೆ ಇದು ದೊಡ್ಡ ಸಹಾಯ ಅಲ್ವಾ?

ಹಂತ 2: ಜಾಗ ಮತ್ತು ಕಟ್ಟಡ

ಬಾವಿಯಿಂದ ಕನಿಷ್ಠ 15 ಮೀಟರ್ ದೂರ. ಬಿಸಿಲು ಬೀಳುವ ಜಾಗ. ಅಡುಗೆಮನೆಗೆ ಆದಷ್ಟು ಹತ್ತಿರ. ಸ್ಲರಿ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಟ್ಯಾಂಕಿಯಿಂದ ಹೊರಬರುವ ಸಗಣಿ ನೀರು, ತಾನಾಗಿ ತೋಟಕ್ಕೆ ಹರಿಯುವಷ್ಟು ಇಳಿಜಾರು ಇದ್ದರೆ ಇನ್ನೂ ಒಳ್ಳೆಯದು.

ಮಾದರಿ ಯಾವುದು ಅಂತ ಕೇಳಿದರೆ ನನ್ನ ಉತ್ತರ ದೀನಬಂಧು. 1984ರಲ್ಲಿ ಬಂದ, ನೆಲದೊಳಗೆ ಗುಮ್ಮಟ ಇರುವ ಮಾದರಿ ಇದು. ಅದಕ್ಕಿಂತ ಹಳೆಯದು ಖಾದಿ ಆಯೋಗದ ಕಬ್ಬಿಣದ ಡ್ರಮ್ಮಿನ ಮಾದರಿ. ಗ್ಯಾಸ್ ತುಂಬಿದಂತೆ ಡ್ರಮ್ ಮೇಲೇಳುತ್ತದೆ, ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಡಿಸೆಂಬರಿನಿಂದ ಮಾರ್ಚ್ ಒಳಗೆ ಕಟ್ಟಿಸಿ, ಮೇ ಮುಗಿಯುವ ಮೊದಲು ತುಂಬಿಸಿ. ಗದ್ದೆಯ ಬದಿಯ ಮನೆಗಳಲ್ಲಿ ಜೂನ್ ಬಂತೆಂದರೆ ನೆಲದೊಳಗಿನ ನೀರು ಮೇಲೇರುತ್ತದೆ. ಆಗ ಖಾಲಿ ಟ್ಯಾಂಕಿ ಇದ್ದರೆ ನೀರು ಅದನ್ನು ಕೆಳಗಿನಿಂದ ಎತ್ತುತ್ತದೆ. ತಳ ಬಿರುಕು ಬಿಡುತ್ತದೆ. ಕಾರ್ಕಳ ಕಡೆಯ ನೆಂಟರ ಮನೆಯಲ್ಲಿ ಹೀಗೇ ಆಯಿತು. "ಮಳೆ ಕಳೆದ ಮೇಲೆ ತುಂಬಿಸುವ" ಅಂತ ಬಿಟ್ಟದ್ದು. ಅಕ್ಟೋಬರಿನಲ್ಲಿ ನೋಡಿದರೆ ಟ್ಯಾಂಕಿಯೊಳಗೆ ಒರತೆ ನೀರು. ಅತ್ತೆ ಅದನ್ನು ನೋಡಿ ಕಣ್ಣೀರು ಹಾಕಿದ್ದು ನನಗೆ ಇನ್ನೂ ನೆನಪಿದೆ. ಅವರು ಹಾಲು ಮಾರಿ ಕೂಡಿಟ್ಟ ಹಣ ಅದು.

ಹಂತ 3: ಮೊದಲ ಸಲ ತುಂಬಿಸುವುದು

ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ದಿನಕ್ಕೆ 50 ಕೆ.ಜಿ. ಸಗಣಿ, 50 ಲೀಟರ್ ನೀರು. ಒಟ್ಟು 100 ಲೀಟರ್. ಇದು ಒಳಗೆ 40 ದಿನ ನಿಲ್ಲಬೇಕೆಂದರೆ ಸುಮಾರು 4,000 ಲೀಟರ್ ಆಯಿತು. ಅಂದರೆ ಮೊದಲ ಸಲಕ್ಕೇ ಎರಡು ಟನ್ ಸಗಣಿ ಬೇಕು. ಇದನ್ನು ಕೇಳಿ ಹೆಚ್ಚಿನವರು ಹೆದರುತ್ತಾರೆ. ಹೆದರಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ.

ಒಂದನೆಯದು, ಮನೆಯ ಸಗಣಿಯನ್ನೇ ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋಗುವುದು. ಟ್ಯಾಂಕಿ ಅರ್ಧ ತುಂಬುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ಅಷ್ಟು ದಿನ ಗುಮ್ಮಟದೊಳಗೆ ಗಾಳಿ ಇರುತ್ತದೆ. ಮೀಥೇನ್, ಅಂದರೆ ಉರಿಯುವ ಗ್ಯಾಸ್, ಮಾಡುವ ಜೀವಿಗಳಿಗೆ ಗಾಳಿ ಆಗಿಬರುವುದಿಲ್ಲ. ಎರಡನೆಯದು, ಸಗಣಿ ಸಾಲದು ಅಂತ ನೀರು ಸುರಿದು ಮಟ್ಟ ತೋರಿಸುವುದು. ಟ್ಯಾಂಕಿ ತುಂಬಿದಂತೆ ಕಾಣುತ್ತದೆ, ಒಳಗೆ ಜೀವಿಗಳಿಗೆ ತಿನ್ನಲು ಏನೂ ಇಲ್ಲ.

ಸರಿಯಾದ ದಾರಿ ಇದು. ನೆರೆಮನೆಗಳಲ್ಲಿ ಮೊದಲೇ ಹೇಳಿಡಿ. ಒಂದು ವಾರದ ಸಗಣಿ ನೆರಳಿನಲ್ಲಿ ಕೂಡಿಸಿ, ಮೇಲೆ ಒದ್ದೆ ಗೋಣಿ ಮುಚ್ಚಿ. ಒಣಗಿದ ಸಗಣಿ, ಗೊಬ್ಬರ ಗುಂಡಿಯ ಹಳೆಯ ಸಗಣಿ ಬೇಡವೇ ಬೇಡ. ನಾಲ್ಕೈದು ದಿನದ ಒಳಗೆ ತುಂಬಿಸಿ ಮುಗಿಸಿ.

ಸಗಣಿಯನ್ನು ಕೈಯಲ್ಲೇ ಕಲಸಿ. ಗಂಟು ಉಳಿಯಬಾರದು. ಹುಲ್ಲು, ಹಟ್ಟಿಗೆ ಹಾಸಿದ ಸೊಪ್ಪು, ಹೊಯಿಗೆ ಎಲ್ಲ ಹೆಕ್ಕಿ ತೆಗೆಯಿರಿ. ಹುಲ್ಲು ಮೇಲೆ ತೇಲಿ ಕೆನೆಯಂತೆ ಗಟ್ಟಿಯಾಗುತ್ತದೆ. ಹೊಯಿಗೆ ತಳದಲ್ಲಿ ಕೂತು ವರ್ಷ ವರ್ಷ ಜಾಗ ತಿನ್ನುತ್ತದೆ. ಹದ ಹೇಗಿರಬೇಕು? ನೀರುದೋಸೆ ಹಿಟ್ಟಿನಷ್ಟು ತೆಳು ಆದರೆ ಸಗಣಿ ಕೆಳಗೆ, ನೀರು ಮೇಲೆ ನಿಲ್ಲುತ್ತದೆ. ಇಡ್ಲಿ ಹಿಟ್ಟಿನಷ್ಟು ದಪ್ಪ ಆದರೆ ಗ್ಯಾಸ್ ಒಳಗೇ ಸಿಕ್ಕಿಕೊಳ್ಳುತ್ತದೆ. ಉದ್ದಿನ ದೋಸೆ ಹಿಟ್ಟಿನ ಹದ ಸರಿ. ಹಸಿ ಸಗಣಿಗೆ ಸಮ ಅಳತೆಯ ನೀರು ಹಾಕಿದರೆ ಈ ಹದ ಬರುತ್ತದೆ. ಮಳೆಗಾಲದಲ್ಲಿ ಹಸಿ ಹುಲ್ಲು ತಿಂದ ದನದ ಸಗಣಿ ಮೊದಲೇ ನೀರಾಗಿರುತ್ತದೆ. ಆಗ ನೀರು ಕಡಿಮೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಪ್ಪು. ಹಾಲಿಗೆ ಹೆಪ್ಪು ಹಾಕದೆ ಮೊಸರು ಆಗುತ್ತದೆಯೇ? ಚೆನ್ನಾಗಿ ನಡೆಯುತ್ತಿರುವ ಬೇರೆ ಮನೆಯ ಟ್ಯಾಂಕಿಯಿಂದ ಹತ್ತರಲ್ಲಿ ಒಂದು ಪಾಲು ಸ್ಲರಿ ತನ್ನಿ. 4,000 ಲೀಟರಿಗೆ 400 ಲೀಟರ್, 20 ಲೀಟರಿನ ಕ್ಯಾನ್ ಇಪ್ಪತ್ತು ಬೇಕು. ಒಂದು ಪಿಕಪ್ ಬಾಡಿಗೆಗೆ ಹಿಡಿದರೆ ಅರ್ಧ ದಿನದ ಕೆಲಸ. ಈಗ ಪೇಟೆಯಲ್ಲಿ ಬ್ಯಾಕ್ಟೀರಿಯಾ ಪುಡಿ ಅಂತ ಪ್ಯಾಕೆಟ್ ಮಾರುತ್ತಾರೆ. ಸಗಣಿ ಹಾಕುವವರಿಗೆ ಅದು ಸುಮ್ನೆ ಖರ್ಚು. ದನದ ಹೊಟ್ಟೆಯಲ್ಲೇ ಆ ಜೀವಿಗಳಿವೆ, ಸಗಣಿಯ ಜೊತೆಗೇ ಬರುತ್ತವೆ.

ತುಂಬಿಸುವಾಗ ಗ್ಯಾಸಿನ ವಾಲ್ವ್ ತೆರೆದೇ ಇರಲಿ, ಒಳಗಿನ ಗಾಳಿ ಹೊರಹೋಗಬೇಕು. ಮೇಸ್ತ್ರಿ ಗುರುತು ಹಾಕಿಕೊಟ್ಟ ಮಟ್ಟಕ್ಕೆ ಬಂದ ಮೇಲೆ ವಾಲ್ವ್ ಮುಚ್ಚಿ. ಆಮೇಲೆ ಕೈ ಕಟ್ಟಿ ಕೂತುಕೊಳ್ಳಿ. ಇಲ್ಲೇ ಜನ ತಡೆಯುವುದಿಲ್ಲ. ಗ್ಯಾಸ್ ಬರಲಿಲ್ಲ ಅಂತ ಇನ್ನಷ್ಟು ಸಗಣಿ ಹಾಕುತ್ತಾರೆ. ಒಳಗೆ ಮೊದಲು ಹುಳಿ ಮಾಡುವ ಜೀವಿಗಳು ಬೆಳೆಯುತ್ತವೆ. ಆ ಹುಳಿಯನ್ನು ತಿಂದು ಮೀಥೇನ್ ಮಾಡುವ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ. ಈ ಮೀಥೇನ್ ಜೀವಿಗಳು ಬೆಳೆಯುವ ಮೊದಲೇ ನೀವು ತಿನ್ನಿಸುತ್ತಾ ಹೋದರೆ ಟ್ಯಾಂಕಿ ಪೂರ್ತಿ ಹುಳಿಯಾಗಿ ನಿಂತುಬಿಡುತ್ತದೆ. ಉರಿಯುವ ಗ್ಯಾಸ್ ಬರುವ ತನಕ ಒಂದು ಬುಟ್ಟಿ ಸಗಣಿಯೂ ಬೇಡ.

ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಜಾಸ್ತಿ ಇರುವುದು ಕಾರ್ಬನ್ ಡೈಆಕ್ಸೈಡ್. ಎರಡು ಮೂರು ಸಲ ಪೂರ್ತಿ ಹೊರಗೆ ಬಿಟ್ಟುಬಿಡಿ. ಬಿಡುವಾಗ ಹತ್ತಿರ ಬೀಡಿ, ದೀಪ, ಒಲೆ ಏನೂ ಇರಬಾರದು. ಟ್ಯಾಂಕಿಯ ಪೈಪಿನ ಬಾಯಿಗೆ ಬೆಂಕಿಕಡ್ಡಿ ಹಿಡಿದು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಗಾಳಿಯ ಜೊತೆ ಶೇ. 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಅದು ಸ್ಫೋಟಿಸುತ್ತದೆ. ಪರೀಕ್ಷೆ ಏನಿದ್ದರೂ ಅಡುಗೆಮನೆಯ ಸ್ಟವ್ವಿನಲ್ಲೇ. ನೀಲಿ ಉರಿ ನಿಂತು ಉರಿದರೆ ಟ್ಯಾಂಕಿಗೆ ಜೀವ ಬಂದಿದೆ. ಆ ದಿನದಿಂದ ದಿನಾ ಹಾಕಲು ಶುರು ಮಾಡಿ. ಮೊದಲ ವಾರ ಅರ್ಧ ಪಾಲು, ಮತ್ತೆ ಪೂರ್ತಿ.

ಹೆಪ್ಪು ಚೆನ್ನಾಗಿದ್ದರೆ ನಮ್ಮ ಏಪ್ರಿಲ್ ಸೆಕೆಗೆ ಬೇಗ ಶುರುವಾಗುತ್ತದೆ. ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸು ಇಷ್ಟ. ಉತ್ತರದ ಚಳಿಯ ಊರುಗಳಲ್ಲಿ ಚಳಿಗಾಲಕ್ಕೆ ಗ್ಯಾಸ್ ತೀರಾ ಕಡಿಮೆಯಾಗುತ್ತದೆ. ನಮಗೆ ಆ ಕಷ್ಟ ಇಲ್ಲ.

ಹುಳಿಯಾದರೆ ಹೇಗೆ ಗೊತ್ತಾಗುತ್ತದೆ? ಸ್ಲರಿಯಲ್ಲಿ ಹುಳಿ ವಾಸನೆ, ನೊರೆ, ಉರಿಯದ ಗ್ಯಾಸ್. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ. 7ರ ಆಸುಪಾಸು ಇರಬೇಕು. 6.5ಕ್ಕಿಂತ ಕೆಳಗಿದ್ದರೆ ಸಗಣಿ ಹಾಕುವುದು ನಿಲ್ಲಿಸಿ, ಇನ್ನಷ್ಟು ಹೆಪ್ಪು ತಂದು ಹಾಕಿ, ಸುಣ್ಣದ ತಿಳಿನೀರನ್ನು ದಿನಾ ಸ್ವಲ್ಪ ಸ್ವಲ್ಪ ಕೊಡಿ. ಒಮ್ಮೆಗೇ ಸುರಿದರೆ ಇದ್ದ ಜೀವಿಗಳೂ ಸಾಯುತ್ತವೆ.

ಯಾವುದು ಟ್ಯಾಂಕಿಗೆ, ಯಾವುದು ಅಲ್ಲ?

"ಅಡಿಕೆ ಸಿಪ್ಪೆ ರಾಶಿ ಇದೆ, ಹಾಕಬಹುದಾ?" ಈ ಪ್ರಶ್ನೆ ತುಂಬಾ ಸಲ ಬರುತ್ತದೆ. ಹಾಕಬೇಡಿ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಗೆರಟೆ ಇವುಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಇದೆ. ಟ್ಯಾಂಕಿಯ ಜೀವಿಗಳಿಗೆ ಅದು ಕರಗುವುದಿಲ್ಲ. ಸಿಪ್ಪೆ ಬಚ್ಚಲು ಒಲೆಗೆ ಹೋಗಲಿ. ಗೆರಟೆಯನ್ನು ಸುಮ್ನೆ ಸುಡಬೇಡಿ, ಮಾರಿ. ಅದರ ಇದ್ದಿಲಿನಿಂದ ನೀರು ಶುದ್ಧ ಮಾಡುವ ಆಕ್ಟಿವೇಟೆಡ್ ಕಾರ್ಬನ್ ತಯಾರಾಗುತ್ತದೆ. ಮಂಗಳೂರಿನ ಸುತ್ತಲಿನ ಗೇರುಬೀಜ ಕಾರ್ಖಾನೆಗಳಿಗೆ ಬಿಸಾಡುವುದು ಎಂಬುದೇ ಗೊತ್ತಿಲ್ಲ. ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆ ಬಣ್ಣಕ್ಕೆ, ವಾಹನದ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಎಣ್ಣೆ ತೆಗೆದ ಸಿಪ್ಪೆಯನ್ನು ಬಾಯ್ಲರಿನಲ್ಲಿ ಉರಿಸುತ್ತಾರೆ.

ಅಕ್ಕಚ್ಚು, ಉಳಿದ ಅನ್ನ, ಹಲಸಿನ ರಚ್ಚೆ ಟ್ಯಾಂಕಿಗೆ ಆಗುತ್ತದೆ. ಆದರೆ ಸಣ್ಣಗೆ ಕೊಚ್ಚಿ, ಸಗಣಿಯ ಜೊತೆ, ಸ್ವಲ್ಪವೇ. ಅನ್ನ ಜಾಸ್ತಿಯಾದರೆ ಬೇಗ ಹುಳಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸಾಬೂನು ನೀರು ಹನಿಯೂ ಹೋಗಬಾರದು. ಹಟ್ಟಿ ತೊಳೆದ ನೀರಿಗೆ ಬೇರೆ ಕಾಲುವೆ ಮಾಡಿ. ಕೆಚ್ಚಲು ಬಾವು ರೋಗಕ್ಕೆ ಆ್ಯಂಟಿಬಯಾಟಿಕ್ ಕೊಟ್ಟ ದನದ ಸಗಣಿಯನ್ನು, ಚೆಲ್ಲಬೇಕಾದ ಹಾಲನ್ನು ಕೂಡ ಕೆಲವು ದಿನ ದೂರ ಇಡಿ.

ಹಂತ 4: ಪೈಪು ಮತ್ತು ಸ್ಟವ್

ಸಿಲಿಂಡರಿನ ಸ್ಟವ್ವಿಗೆ ತೂತು ದೊಡ್ಡದು ಮಾಡಿ ಬಳಸುವುದು ನಮ್ಮೂರಿನ ಹಳೆಯ ಅಡ್ಡದಾರಿ. ಬೇಡ. ಐಎಸ್‌ಐ ಗುರುತಿನ ಬಯೋಗ್ಯಾಸ್ ಸ್ಟವ್ವನ್ನೇ ತನ್ನಿ. ಈ ಗ್ಯಾಸಿಗೆ ಬೇಕಾದ ಗಾಳಿಯ ಲೆಕ್ಕವೇ ಬೇರೆ.

ಗ್ಯಾಸಿನ ಜೊತೆ ಹಬೆಯೂ ಬರುತ್ತದೆ. ಪೈಪಿನಲ್ಲಿ ತಣಿದು ನೀರಾಗುತ್ತದೆ. ಉರಿ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ಕೂತಿದೆ ಎಂದರ್ಥ. ಪೈಪನ್ನು ಟ್ಯಾಂಕಿಯ ಕಡೆಗೆ ಇಳಿಜಾರಾಗಿ ಎಳೆಸಿ, ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ವಾಲ್ವ್ ಇಡಿಸಿ. ವಾರಕ್ಕೊಮ್ಮೆ ತೆರೆಯಿರಿ, ಮಳೆಗಾಲದಲ್ಲಿ ಇನ್ನೂ ಬೇಗ. ಸೋರಿಕೆ ನೋಡಲು ಸಾಬೂನು ನೊರೆ ಹಚ್ಚಿ.

ಹಂತ 5: ದಿನದ ಕೆಲಸ

ಬೆಳಿಗ್ಗೆ ಹಾಲು ಕರೆದ ಮೇಲೆ ಕಲಸಿ ಹಾಕುವುದು. ಹತ್ತು ಹದಿನೈದು ನಿಮಿಷ. ಹೊರಬಂದ ಸ್ಲರಿಯನ್ನು ಅಡಿಕೆ ಬುಡಕ್ಕೆ ನೇರ ಕೊಡಿ. ಬಿಸಿಲಿನಲ್ಲಿ ಒಣಗಿಸಿದರೆ ಸಾರಜನಕ ಹಾರಿಹೋಗುತ್ತದೆ.

ಸ್ಲರಿ ಹೊರಬರುವ ತೊಟ್ಟಿಗೆ ಸಿಮೆಂಟ್ ಹಲಗೆ ಮುಚ್ಚಿಯೇ ಇರಲಿ. ಮಳೆನೀರೂ ಹೋಗುವುದಿಲ್ಲ, ಮಕ್ಕಳೂ ಕರುಗಳೂ ಬೀಳುವುದಿಲ್ಲ. ಎಷ್ಟೋ ವರ್ಷದ ನಂತರ ಹೊಯಿಗೆ ತೆಗೆಯಬೇಕಾಗಿ ಬಂದರೆ ಯಾರನ್ನೂ ಒಳಗೆ ಇಳಿಸಬೇಡಿ, ನೀವೂ ಇಳಿಯಬೇಡಿ. ಖಾಲಿ ಮಾಡಿದ ಟ್ಯಾಂಕಿಯಲ್ಲೂ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಡೈಆಕ್ಸೈಡ್ ನಿಂತಿರುತ್ತದೆ. ಒಳಗೆ ಹೋದವರು ಕೂಗುವ ಮೊದಲೇ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಸ್ಲರಿ ಪಂಪ್ ಇರುವ ಟ್ಯಾಂಕರಿನವರನ್ನು ಕರೆಸಿ, ಕೆಲಸ ಮುಗಿಯುವ ತನಕ ಮಕ್ಕಳನ್ನು ಆ ಕಡೆ ಬಿಡಬೇಡಿ.