ನೋವಿನ ಇಂಗ್ಲಿಷ್ ಪದಗಳು ನೆನಪಲ್ಲಿ ಉಳಿಯಬೇಕಾ?

ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಸಲಹೆ. ಸುಮ್ನೆ ಅರ್ಥ ಉರು ಹೊಡೀಬೇಡಿ, ಪದದ ಬೇರು ನೋಡಿ. 'ಪೇನ್' ಬಂದಿದ್ದು ಲ್ಯಾಟಿನ್‌ನ 'ಪೊಯ್ನ'ದಿಂದ, ಅಂದ್ರೆ ದಂಡ, ಹಾಗಾಗಿ 'ಪೆನಾಲ್ಟಿ' ಅದರ ದಾಯಾದಿ. 'ಸಫರ್'ನಲ್ಲಿ 'ಸಬ್' ಅಂದ್ರೆ ಕೆಳಗೆ, 'ಫೆರ್ರೆ' ಅಂದ್ರೆ ಹೊರುವುದು; ಅಂದ್ರೆ ನೋವಿನ ಭಾರ ಹೊತ್ತು ಅನುಭವಿಸುವುದು.

ನನಗೆ ಜಾಸ್ತಿ ಇಷ್ಟವಾದದ್ದು 'ಟ್ರವೇಲ್' (travail). ಕಷ್ಟದ ದುಡಿಮೆಗೂ ಹೆರಿಗೆ ನೋವಿಗೂ ಇದೇ ಪದ. ಮೂಲ 'ಟ್ರಿಪಾಲಿಯಂ', ಮೂರು ಗೂಟಗಳಿಂದ ಮಾಡಿದ, ಮನುಷ್ಯರನ್ನು ಹಿಂಸಿಸುವ ಸಾಧನ. ಅದೇ ಪದ ಫ್ರೆಂಚ್ ಮೂಲಕ ಬಂದು ಇಂಗ್ಲಿಷಿನಲ್ಲಿ ಪ್ರಯಾಣ ಎನ್ನುವ ಅರ್ಥದ 'ಟ್ರಾವೆಲ್' (travel) ಕೂಡ ಆಯಿತು, ಆಗಿನ ಪ್ರಯಾಣ ಅಷ್ಟು ಕಷ್ಟ ಇತ್ತು ಅಲ್ವಾ! (ರಾತ್ರಿ ಬಸ್ಸಿನ ಕೊನೇ ಸೀಟಲ್ಲಿ ಕೂತವರಿಗೆ ಬೇಗ ಅರ್ಥವಾಗುತ್ತೆ.) ನೋಟ್‌ಬುಕ್ಕಲ್ಲಿ ಪದದ ಪಕ್ಕ ಮೂರು ಗೂಟ ಬರೆದಿಟ್ಟುಕೊಳ್ಳಿ, ಮರೆಯಲ್ಲ.